ಚೀಟಿ ಇದೆ, ಮಾಲಿಲ್ಲ

ಇದನ್ನು ಹೇಳಬೇಕು, ಹೇಳಬೇಕು ಎಂದುಕೊಂಡೇ ಎರಡು ದೀಪಾವಳಿ ದಾಟಿಸಿದ್ದೇನೆ. ಕಾಗದ ತೆಗೆದಾಗಲೆಲ್ಲ ಒಂದು ನೆಪ ಸಿಗುತ್ತಿತ್ತು. ಪೆನ್ನು ಸರಿಯಿಲ್ಲ, ಕನ್ನಡಕ ಹಳೆಯದು, ಗ್ಯಾಸಿನವನು ಬರುವ ಹೊತ್ತು. ಈಗ ಪೆನ್ನು ಚೆನ್ನಾಗಿ ಓಡುತ್ತಿದೆ, ಕನ್ನಡಕ ಹೊಸದು, ಗ್ಯಾಸು ನಿನ್ನೆಯೇ ಬಂದುಬಿಟ್ಟಿತು. ಇನ್ನು ತಪ್ಪಿಸಿಕೊಳ್ಳಲು ದಾರಿಯಿಲ್ಲ. ನಗುವ ಭಾಗದಿಂದಲೇ ಶುರು ಮಾಡುತ್ತೇನೆ, ಅದು ಸುಲಭ.

ಒಂದು ಕಪ್ ಚಹಾಕ್ಕೆ ನಾಲ್ಕು ಚೀಟಿ ಓದಬೇಕಾದ ಮನೆಯನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ! ಪುಣೆಯ ಹಡಪಸರದಲ್ಲಿ, ನಮ್ಮದೇ ಸೊಸಾಯಿಟಿಯಲ್ಲಿ. ನಾನು ನೆಲಮಹಡಿ, ಆ ಮನೆಯ ಯಜಮಾನರು ಎರಡನೇ ಮಹಡಿ. ನನಗಿಂತ ಐದಾರು ವರ್ಷ ದೊಡ್ಡವರು, ವಿಜಯಪುರದ ಕಡೆಯವರು, ಮದುವೆಯಾಗದವರು. ಅವರ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿ ತೆರೆದರೆ ಒಳಗೆ ಸಕ್ಕರೆ ಇರುತ್ತಿರಲಿಲ್ಲ. ಒಂದು ಚೀಟಿ ಇರುತ್ತಿತ್ತು. “ಸಕ್ಕರೆ. ಮಂಚದ ಕೆಳಗಿನ ಟ್ರಂಕು, ಎಡಮೂಲೆ. ಎರಡು ಕಿಲೊ.” ಚಹಾಪುಡಿಯ ಡಬ್ಬಿಯಲ್ಲಿ ಇನ್ನೊಂದು. ಕೊಡೆ ತೂಗುಹಾಕುವ ಮೊಳೆಗೆ ಮತ್ತೊಂದು: “ಕೊಡೆ. ಕಪ್ಪು. ಒಂದು ಕಡ್ಡಿ ಮುರಿದದ್ದು. ಅಟ್ಟದ ಮೇಲೆ.” ಮಳೆಯಲ್ಲಿ ಹೊರಡುವ ಅವಸರದಲ್ಲಿ ನಾನೊಮ್ಮೆ ಆ ಚೀಟಿಯನ್ನೇ ತಲೆಯ ಮೇಲೆ ಹಿಡಿದುಕೊಂಡು ಹೋಗುತ್ತೇನೆ ಎಂದಾಗ ಅವರು ಗಂಭೀರವಾಗಿ ಹೇಳಿದರು:

“ಹೋಗ್ರಿ. ಆದ್ರ ಚೀಟಿ ತೋಯಿಸಬ್ಯಾಡ್ರಿ. ಕೊಡಿ ಎಲ್ಲದ ಅಂತ ಆಮ್ಯಾಲೆ ನನಗ ತಿಳಿಯಂಗಿಲ್ಲ.”

ಸೊಸಾಯಿಟಿಯ ಮರಾಠಿ ಜನರೂ ಅವರನ್ನು ಚೀಟಿ ಕಾಕಾ ಎಂದೇ ಕರೆಯುತ್ತಿದ್ದರು. ನನಗೂ ಹಾಗೆ ಕರೆಯುವುದು ರೂಢಿಯಾಗಿತ್ತು, ಎದುರಿಗಲ್ಲ.

ಚೀಟಿ ಕಾಕಾ ಕೆಲಸದಲ್ಲಿದ್ದಾಗ ಮನೆಮನೆಯ ಕರೆಂಟು ಮೀಟರು ಓದುವವರು. ಮೂವತ್ತು ವರ್ಷಕ್ಕೂ ಮೇಲೆ ಪುಣೆಯ ಬಾಗಿಲುಗಳನ್ನು ಬಡಿದವರು. ಹಳೆಯ ವಾಡೆಗಳಲ್ಲಿ, ಆ ದೊಡ್ಡ ತೊಟ್ಟಿಮನೆಗಳಲ್ಲಿ, ಮೀಟರು ಒಳಗೇ ಇರುತ್ತಿದ್ದ ಕಾಲ. ಬಾಗಿಲು ಬಡಿದರೆ “ಕೋಣ ಆಹೇ?”, ಯಾರದು, ಎಂಬ ಮರಾಠಿ ಕೂಗು. ಇವರು “ಮೀಟರ್” ಎಂದರೆ “ಲೈಟ್‌ವಾಲಾ ಆಲಾ” ಎಂಬ ಇನ್ನೊಂದು ಕೂಗು. ಅಷ್ಟೇ. ಆದರೆ ಹತ್ತಿಪ್ಪತ್ತು ಮನೆಗಳಿಗೊಂದು ಕನ್ನಡದವರ ಮನೆ ಸಿಗುತ್ತಿತ್ತಂತೆ. ಅಲ್ಲಿ “ಕೋಣ?” ಎಂದ ಹೆಣ್ಣುಮಗಳಿಗೆ ಇವರು “ನಾನ್ರಿ, ಮೀಟರ್ ನೋಡಾಂವ” ಎಂದದ್ದೇ ತಡ, ದನಿ ಬದಲಾಗಿಬಿಡುತ್ತಿತ್ತು. “ಅಯ್ಯ, ನಮ್ಮ ಕಡೆಯವರೇನ್ರಿ! ಬರ್ರಿ, ಬರ್ರಿ ಒಳಗ!”

“ಆ ಮರಾಠಿ ‘ಕೋಣ’ಕ್ಕೂ ಈ ಕನ್ನಡ ‘ಬರ್ರಿ’ಗೂ ನಡುವ ಒಂದು ಉಸಿರು ಅದ ನೋಡ್ರಿ,” ಎನ್ನುತ್ತಿದ್ದರು. “ಅರ್ಧ ಉಸಿರು. ನನಗ ಅದು ಬೇಕು.”

ನಿವೃತ್ತಿಯಾದ ಮೇಲೆ ಅವರು ಶುರು ಮಾಡಿದ್ದು ಅದನ್ನೇ. ಒಂದು ಒಳ್ಳೆಯ ರೆಕಾರ್ಡಿಂಗ್ ಮಷೀನು ತಂದು, ಜುಬ್ಬಾದ ಜೇಬಿನಲ್ಲಿಟ್ಟುಕೊಂಡು, ಪುಣೆಯ ಕನ್ನಡದವರ ಮನೆ ಬಾಗಿಲುಗಳನ್ನು ಮತ್ತೆ ಬಡಿಯತೊಡಗಿದರು! ಕೆಲವರು ಅಂಚೆಚೀಟಿ ಕೂಡಿಡುತ್ತಾರೆ, ಕೆಲವರು ಹಳೆಯ ನಾಣ್ಯ. ಈ ಮನುಷ್ಯ ಕೂಡಿಟ್ಟದ್ದು “ಬರ್ರಿ” ಎಂಬ ಮಾತನ್ನು. ರೆಕಾರ್ಡಾದ ಮೇಲೆ ಮನೆಯವರಿಗೆ ನಿಜ ಹೇಳಿ ಒಪ್ಪಿಗೆ ಕೇಳುತ್ತಿದ್ದರು. ಯಾರೂ ಬೇಡ ಎಂದದ್ದಿಲ್ಲ. ಬಾಗಿಲಲ್ಲಿ ನಿಂತ ಮುದುಕನಿಗೆ ಇಲ್ಲ ಎನ್ನುವುದು ಹೇಗೆ?

ಬುಧವಾರ ಪೇಟೆಯ ಗದುಗಿನ ಬಟ್ಟೆ ವ್ಯಾಪಾರಿಯೊಬ್ಬರಿಗೆ ಈ ವಿಷಯ ಮೊದಲೇ ತಿಳಿದುಹೋಗಿತ್ತು. ಅವರು ಹೊಸ ಧೋತರ ಉಟ್ಟು, ಗಂಟಲು ಸರಿಮಾಡಿಕೊಂಡು, ಬಾಗಿಲಿಗೆ ಬಂದು ಎರಡೂ ಕೈ ಚಾಚಿ ಹತ್ತು ಸಲ “ಬರ್ರೀ...” ಎಂದರಂತೆ. ಚೀಟಿ ಕಾಕಾ ಹತ್ತನ್ನೂ ತಿರಸ್ಕರಿಸಿದರು.

“ಇದು ನಾಟಕ ಆತ್ರಿ ಸಾವಕಾರ್ರ. ನೀವು ಮರತ ದಿನ ಬರ್ತೀನಿ.”

“ಅಲ್ರೀ, ಈಗ ಬಂದೀರಲ್ಲ, ಒಳಗ ಬರ್ರಿ!”

“ಆ! ಇದು ಬರೋಬ್ಬರಿ ಆತು,” ಎಂದು ಮಷೀನು ಬಂದ್ ಮಾಡಿಕೊಂಡು, ಒಳಗೆ ಹೋಗದೆ ಮೆಟ್ಟಿಲಿಳಿದು ಬಂದರಂತೆ!

ಕೆಲವು ವರ್ಷಗಳಲ್ಲಿ ಬಾಗಿಲುಗಳ ಸಂಖ್ಯೆ ಬೆಳೆಯಿತು. ಅದನ್ನೆಲ್ಲ ಇಡುವುದೆಲ್ಲಿ? ಆಗ ಬಂದವಳು ಮೂರನೇ ಮಹಡಿಯ ಹಾಸನದ ಹುಡುಗಿ. ಮಗರಪಟ್ಟಾದ ಕಂಪ್ಯೂಟರ್ ಆಫೀಸಿನಲ್ಲಿ ಕೆಲಸ. ಚೀಟಿ ಕಾಕಾ ಒಂದೇ ದನಿಯನ್ನು ಹತ್ತು ಸಲ ಕತ್ತರಿಸಿ, ‘ಹೊಸದು’, ‘ಬಹಳ ಹೊಸದು’, ‘ಇದೇ ಕೊನೆ’, ‘ಕೊನೆಯದರ ಆಮೇಲಿನದು’ ಎಂದು ಹೆಸರಿಡುವುದನ್ನು ಕಂಡು ಅವಳು ಹಣೆ ಚಚ್ಚಿಕೊಂಡಳು.

“ಅಂಕಲ್, ಹಿಂಗೆಲ್ಲ ಮಾಡಬೇಡಿ. ವರ್ಷನ್ ಕಂಟ್ರೋಲ್ ಅಂತ ಇರತ್ತೆ. ಗಿಟ್ ಅಂತ. ನೀವು ಏನು ಚೇಂಜ್ ಮಾಡಿದ್ರಿ, ಯಾವಾಗ, ಯಾಕೆ, ಯಾರು ಮಾಡಿದ್ದು, ಎಲ್ಲಾ ಬರ್ಕೊಂಡಿರತ್ತೆ. ಬೇಕಂದ್ರೆ ಹಳೇದಕ್ಕೆ ವಾಪಸ್ ಹೋಗಬಹುದು.”

ನಾನೂ ಅಲ್ಲೇ ಕೂತಿದ್ದೆ. “ಗಿಟ್ ಅಂದ್ರ? ಏನು ಗಿಟ್ತದ ಅದರಿಂದ?” ಎಂದೆ.

“ಗಿಟ್ಟೋದು ಏನಿಲ್ರಿ,” ಎಂದರು ಚೀಟಿ ಕಾಕಾ, ಆಗಲೇ ಆ ಧರ್ಮಕ್ಕೆ ಸೇರಿದವರಂತೆ. “ಆದ್ರ ಕಳಿಯೋದೂ ಏನಿಲ್ಲ!”

ಅಂದಿನಿಂದ ಅವರ ಬದುಕೇ ಗಿಟ್ಟಾಯಿತು. ಮಾವಿನ ಉಪ್ಪಿನಕಾಯಿ ಭರಣಿಯ ಮೇಲೂ ಬದಲಾವಣೆಯ ದಾಖಲೆ: “ಉಪ್ಪು ಅರ್ಧ ಚಮಚ ಹೆಚ್ಚಿಸಿದೆ. ಕಾರಣ: ಕೆಳಗಿನ ಮನೆಯವರ ಟೀಕೆ.” ಆ ಕೆಳಗಿನ ಮನೆಯವನು ನಾನೇ! ಮಾರನೆಯ ವಾರ ನಾನು ಉಪ್ಪು ಜಾಸ್ತಿಯಾಯಿತು ಎಂದಾಗ ಅವರು ಭರಣಿ ತಿರುಗಿಸಿ ತೋರಿಸಿ, “ಹಳೇದಕ್ಕ ವಾಪಸ್ ಹೋಗಾಕ ಬರಂಗಿಲ್ಲ ಇದರಾಗ. ಇದೊಂದ ಕೊರತಿ,” ಎಂದು ನಿಟ್ಟುಸಿರಿಟ್ಟರು.

ಆದರೆ ಅವರ ದನಿಗಳು ಗಿಟ್ಟಿನ ಗಂಟಲಲ್ಲಿ ಇಳಿಯಲಿಲ್ಲ. ಒಂದೊಂದು ಫೈಲೂ ಅಷ್ಟು ದೊಡ್ಡದು. ಹುಡುಗಿ ಕುಗ್ಗಿಸಿಡಿ, ಚಿಕ್ಕದಾಗುತ್ತದೆ ಎಂದಳು. “ಕುಗ್ಗಿಸಿದ್ರ ಉಸಿರು ಹೋಗ್ತದ ತಂಗಿ,” ಎಂದು ಇವರು ಒಪ್ಪಲಿಲ್ಲ. ಅವಳು ಇನ್ನೊಂದು ಉಪಾಯ ಹೇಳಿದಳು. ದೊಡ್ಡ ಫೈಲುಗಳನ್ನು ಬೇರೆ ಕಡೆ ಇಡುವುದು, ಒಂದು ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ. ಲ್ಯಾಪ್‌ಟಾಪಿನಲ್ಲಿ ಅವುಗಳ ಜಾಗದಲ್ಲಿ ಮೂರೇ ಸಾಲಿನ ಒಂದು ಚೀಟಿ. ಯಾವ ಬಗೆಯ ಚೀಟಿ, ಮಾಲಿನ ಗುರುತಿನ ನಂಬರು, ಮಾಲಿನ ಗಾತ್ರ. ಬೇಕಾದಾಗ ಚೀಟಿ ತೋರಿಸಿದರೆ ಡಿಸ್ಕಿನಿಂದ ಮಾಲು ಬರುತ್ತದೆ.

ಚೀಟಿ ಕಾಕಾ ಅವಳ ಮುಖವನ್ನೇ ನೋಡುತ್ತ ಕೂತರು. ಸಕ್ಕರೆ ಡಬ್ಬಿಯತ್ತ ಒಮ್ಮೆ ನೋಡಿದರು. ತನ್ನ ಮನೆಯನ್ನು ನೋಡಿಯೇ ಯಾರೋ ಇದನ್ನು ಕಂಡುಹಿಡಿದಿದ್ದಾರೆ ಎಂಬ ಅನುಮಾನ ಆ ಮುಖದಲ್ಲಿತ್ತು.

ನಾನು ಮಾತ್ರ ಎದೆಯುಬ್ಬಿಸಿದೆ. “ಇದರಾಗೇನದ? ಇದು ನಮ್ಮ ಬಿನ್ ಕಾರ್ಡು!” ಮೆಟ್ರಿಕ್ ಪಾಸಾಗಿ ಕಾರ್ಖಾನೆಯ ಸ್ಟೋರಿಗೆ ಸೇರಿದವನು ನಾನು. ಸಾಮಾನಿನ ರ‍್ಯಾಕಿಗೆ ನೇತುಹಾಕುವ ಕಾರ್ಡು ಅದು. ಯಾವ ಸಾಮಾನು, ಎಷ್ಟಿದೆ ಎಂದು ಬರೆದಿರುತ್ತದೆ. “ಕಾರ್ಡು ಬ್ಯಾರೆ, ಮಾಲು ಬ್ಯಾರೆ. ಹೊಸದಾಗಿ ಬಂದವರಿಗೆ ನಾ ಮೊದಲನೇ ದಿನ ಹೇಳ್ತಿದ್ದದ್ದು ಇದನ್ನೇ,” ಎಂದೆ. ಈ ಮಾತನ್ನು ನೀವು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ನಾನು ಇಟ್ಟುಕೊಳ್ಳಲಿಲ್ಲ.

ಇನ್ನೊಂದು ನಕಲು ದೂರದಲ್ಲಿರಲಿ, ಇಂಟರ್ನೆಟ್ಟಿನ ಮೂಲಕ ಕಳಿಸಿಡೋಣ ಎಂದಳು ಹುಡುಗಿ. ಆ ಕಳಿಸುವಿಕೆ ಮೂರು ದಿನ ನಡೆಯಿತು! ಚೀಟಿ ಕಾಕಾ ಲ್ಯಾಪ್‌ಟಾಪಿನ ಮುಂದೆ ಹೆರಿಗೆ ಕೋಣೆಯ ಹೊರಗೆ ಕೂತವರಂತೆ ಕೂತರು. ಫ್ಯಾನು ಹಾಕಲು ಬಿಡಲಿಲ್ಲ, ಮಿಕ್ಸರ್ ತಿರುಗಿಸಲು ಬಿಡಲಿಲ್ಲ, ಜೋರಾಗಿ ಸೀನಲೂ ಬಿಡಲಿಲ್ಲ. ಇನ್ನೇನು ಮುಗಿಯಿತು ಎನ್ನುವಾಗ ಇಡೀ ಸೊಸಾಯಿಟಿಯ ಕರೆಂಟು ಹೋಯಿತು. ಮೂವತ್ತು ವರ್ಷ ಮೀಟರು ಓದಿದವರಿಗೆ ಕರೆಂಟು ಮಾಡಿದ ಮರ್ಯಾದೆ ನೋಡಿ! “ಸಾಕು,” ಎಂದರು. “ಮಾಲು ಒಂದ ಕಡೆ ಇರ್ಲಿ. ಕೈಯಾಗ ಹಿಡಿಯಾಕರ ಬರ್ತದ.”

ಈ ನಡುವೆ ನನ್ನ ಹೆಂಡತಿ ತೀರಿಕೊಂಡಳು. ಅದನ್ನು ಇಲ್ಲಿ ಒಂದೇ ಸಾಲಿನಲ್ಲಿ ಬರೆದಿದ್ದೇನೆ. ಆಗಲೂ ನಾನು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದವನು. ಹದಿನಾಲ್ಕನೇ ದಿನವೇ ನಮ್ಮ ಕನ್ನಡ ಮಂಡಳಿಯ ಕಚೇರಿಯಲ್ಲಿ ಕೂತಿದ್ದೆ. ಅಲ್ಲಿನ ಪುಸ್ತಕದ ಕಪಾಟು, ಕಂಪ್ಯೂಟರು, ಕುರ್ಚಿಗಳ ಉಸ್ತುವಾರಿ ನನ್ನದು. ಖಾಲಿ ಮನೆಗಿಂತ ಆ ಕುರ್ಚಿಗಳು ವಾಸಿ ಎನಿಸುತ್ತಿತ್ತು. ಚೀಟಿ ಕಾಕಾ ಎರಡು ಮೂರು ಸಲ ಮೆಟ್ಟಿಲಲ್ಲಿ ನಿಲ್ಲಿಸಿ ಹೇಳಿದ್ದರು: “ಒಂದಿನ ಪುರಸೊತ್ತು ಮಾಡ್ಕೊಂಡು ಮ್ಯಾಲೆ ಬರ್ರಿ. ಒಂದು ಕೇಳಿಸೋದದ.” ನಾನು, “ಮಂಡಳಿ ಕೆಲಸ ಭಾಳ ಅದರಿ, ನೋಡೋಣು,” ಎಂದೆ. ಯಾರದೋ ಬಾಗಿಲು, ಯಾರದೋ “ಬರ್ರಿ”. ಅದನ್ನು ಕೇಳಿ ನನಗೇನಾಗಬೇಕಿತ್ತು?

ಆ ವರ್ಷ ಅವರ ತಂಗಿಗೆ ಕಣ್ಣಿನ ಆಪರೇಶನ್ ಆಯಿತು. ಚೀಟಿ ಕಾಕಾ ತಿಂಗಳ ಮಟ್ಟಿಗೆ ವಿಜಯಪುರಕ್ಕೆ ಹೊರಟರು. ಹೊರಡುವ ದಿನ ಹಾರ್ಡ್‌ಡಿಸ್ಕನ್ನು ಉಣ್ಣೆಯ ಕಿವಿಟೋಪಿಯಲ್ಲಿ ಸುತ್ತಿಕೊಂಡು ನನ್ನ ಮನೆಗೆ ಬಂದರು.

“ಬಸ್ಸಿನಾಗ ಮಾಲು ಅಲಗಾಡ್ತದರಿ. ನಿಮ್ಮ ಕಬ್ಬಿಣದ ಕಪಾಟಿನಾಗ ಇರ್ಲಿ. ನೀವು ಸ್ಟೋರ್ ನಡಿಸಿದವ್ರು. ನಿಮ್ಮ ಕೈಯಾಗ ಕೊಟ್ಟು ನಾ ಆರಾಮ ನಿದ್ದಿ ಮಾಡ್ತೀನಿ.”

ಎರಡು ವಾರ ಅದು ಕಪಾಟಿನಲ್ಲೇ ಇತ್ತು. ಮೂರನೇ ವಾರ ಮಂಡಳಿಯ ವಾರ್ಷಿಕೋತ್ಸವದ ನಾಟಕ. ತಾಲೀಮಿನ ವಿಡಿಯೊ ತುಂಬಿಡಲು ಮಂಡಳಿಯ ಕಂಪ್ಯೂಟರಿನಲ್ಲಿ ಜಾಗವಿಲ್ಲ. ನಾಟಕದಲ್ಲಿ ನಾನು ರಾಜ! ಮೀಸೆ ಒಂದು ಕಡೆ ಜೋತುಬಿದ್ದ ರಾಜ. ಆ ರಾಜನ ಆಟ ಉಳಿಯಬೇಡವೇ? ನನಗೆ ಕಪಾಟು ನೆನಪಾಯಿತು.

ಡಿಸ್ಕನ್ನು ಮಂಡಳಿಗೆ ಒಯ್ದು ಕಂಪ್ಯೂಟರಿಗೆ ಹಚ್ಚಿ ನೋಡಿದೆ. ಒಂದು ಬಾಗಿಲೂ ಕಾಣಲಿಲ್ಲ. ಎರಡೆರಡು ಅಕ್ಷರದ ಡಬ್ಬಿಗಳು. ಒಳಗೆ ಗೇಣುದ್ದದ ಹೆಸರುಗಳು, ಅಕ್ಷರ ಅಂಕಿ ಎಲ್ಲ ಕಲಸಿದ್ದು, ಬೆಕ್ಕು ಕೀಲಿಮಣೆಯ ಮೇಲೆ ನಡೆದುಹೋದಂತೆ. ಒಂದನ್ನು ಒತ್ತಿದರೆ ಯಾವುದರಲ್ಲಿ ತೆರೆಯಲಿ ಎಂದು ಕಂಪ್ಯೂಟರು ನನ್ನನ್ನೇ ಕೇಳಿತು! ಅವರ ಲ್ಯಾಪ್‌ಟಾಪಿನಲ್ಲಿ ನಾನು ಕಣ್ಣಾರೆ ನೋಡಿದ್ದೆನಲ್ಲ: ‘ಬುಧವಾರ ಪೇಟೆ, ಬಟ್ಟೆ ಸಾವಕಾರರು’, ‘ಕೋಥರೂಡ, ಮಾಸ್ತರರ ತಾಯಿ’ ಎಂದು ಹೆಸರು ಹೆಸರಾಗಿ ಸಾಲಾಗಿ ಇದ್ದವು. ಹಾಗಾದರೆ ಅಸಲಿ ಮಾಲು ಅಲ್ಲಿದೆ. ಇದೇನೋ ಹಳೆಯ ಕಸ. ಕಾರ್ಖಾನೆಯಲ್ಲಿ ನನ್ನದೊಂದು ಕಾಯಿದೆ ಇತ್ತು. ಹೆಸರಿನ ಪಟ್ಟಿ ಇಲ್ಲದ ಮಾಲು, ಭಂಗಾರದ ಮಾಲು, ಅಂದರೆ ಗುಜರಿ. ವರ್ಷಕ್ಕೊಮ್ಮೆ ಅದನ್ನು ಹೊರಗೆ ಹಾಕಿ ಮೇಲಿನವರಿಂದ ಶಹಬ್ಬಾಸ್ ಪಡೆದವನು ನಾನು.

ಒಂದು ಫೋನು ಮಾಡಬಹುದಿತ್ತು. ಮಾಡಲಿಲ್ಲ. ಸ್ಟೋರಿನವನು ಯಾರನ್ನೂ ಕೇಳುವುದಿಲ್ಲ. ಎಲ್ಲರೂ ಅವನನ್ನು ಕೇಳುತ್ತಾರೆ. ಚಹಾ ಬಂತು. ಒಂದು ಕೈಯಲ್ಲಿ ಚಹಾ ಹಿಡಿದು ಇನ್ನೊಂದು ಕೈಯಿಂದ ಎಲ್ಲವನ್ನೂ ಅಳಿಸಿದೆ. ಕಪ್ಪು ಖಾಲಿಯಾಗುವ ಮೊದಲೇ ಡಿಸ್ಕು ಖಾಲಿಯಾಯಿತು.

ನಾಟಕ ಮುಗಿದ ಮೇಲೆ ನನ್ನ ರಾಜನನ್ನೂ ಅಲ್ಲಿಂದ ತೆಗೆದು, ಕಿವಿಟೋಪಿ ಸುತ್ತಿ, ಕಪಾಟಿನಲ್ಲಿಟ್ಟೆ. ಚೀಟಿ ಕಾಕಾ ಬಂದರು, ಒಯ್ದರು. ಅರ್ಧ ಗಂಟೆಗೆ ಮೇಲಿನಿಂದ ಕರೆ ಬಂತು. ಹೋದೆ. ಹಾಸನದ ಹುಡುಗಿಯೂ ಅಲ್ಲಿದ್ದಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ಎಲ್ಲ ಹೆಸರುಗಳೂ ಇದ್ದವು. ಒಂದೊಂದರ ಒಳಗೂ ಮೂರು ಸಾಲು. ಅಷ್ಟೇ. ಮಾಲು ಎಲ್ಲಿದೆ ಎಂದರೆ ಡಿಸ್ಕು ಸುಮ್ಮನಿತ್ತು.

ಆಗ ನನಗೆ ನೆನಪಾಯಿತು. ಕಾರ್ಡು ಬೇರೆ, ಮಾಲು ಬೇರೆ!

“ಡಿಸ್ಕ್ ಕೆಟ್ಟಿದ್ರೆ ಏನೂ ಮಾಡಕ್ಕಾಗಲ್ಲ,” ಎಂದಳು ಹುಡುಗಿ. “ಆದ್ರೆ ಯಾರಾದ್ರೂ ಡಿಲೀಟ್ ಮಾಡಿದ್ರೆ, ಅದ್ರ ಮೇಲೆ ಬೇರೆ ಏನೂ ತುಂಬದೇ ಇದ್ರೆ, ತುಂಬಾ ಮಟ್ಟಿಗೆ ವಾಪಸ್ ತೆಗೀಬಹುದು. ಅಂಕಲ್, ನಿಮ್ಮ ಹತ್ರ ಇದ್ದಾಗ ಇದನ್ನ ಯಾರಾದ್ರೂ ಮುಟ್ಟಿದ್ರಾ?”

ಇಬ್ಬರೂ ನನ್ನ ಕಡೆ ನೋಡಿದರು. ಹೌದು ಎನ್ನಲು ಎಷ್ಟು ಹೊತ್ತು ಬೇಕು? ಅವರು ಹುಡುಕುತ್ತಿದ್ದ ಆ ಅರ್ಧ ಉಸಿರಿನಷ್ಟು.

“ಇಲ್ಲ ತಂಗಿ,” ಎಂದೆ. “ಕೀಲಿ ಹಾಕಿ ಇಟ್ಟಿದ್ದೆ.”

ಈಗ ಹಚ್ಚುವಾಗ ಕರೆಂಟಿನ ಏರಿಳಿತಕ್ಕೆ ಕೆಟ್ಟಿರಬೇಕು ಎಂದು ತೀರ್ಮಾನವಾಯಿತು. ಹುಡುಗಿ ಡಿಸ್ಕನ್ನು ಪೂರ್ತಿ ತೊಳೆದು ಹೊಸದರಂತೆ ಮಾಡಿಕೊಟ್ಟಳು. ಅಳಿಸಿದ್ದು ವಾಪಸ್ ಬರುವ ದಾರಿಯೂ ಅಲ್ಲಿಗೆ ಮುಚ್ಚಿತು. ನಾನು ನೋಡುತ್ತ ಕೂತಿದ್ದೆ. ಅಳಿಸಿದ್ದು ಪೆದ್ದುತನ. ಅಲ್ಲಿ ಸುಮ್ಮನೆ ಕೂತದ್ದಕ್ಕೆ ಯಾವ ಹೆಸರಿಡಬೇಕೋ ನನಗೆ ಗೊತ್ತಿಲ್ಲ.

ಹೊರಡುವ ಮುಂಚೆ ಬಾಗಿಲ ಹತ್ತಿರ ನಿಂತು ಕೇಳಿದೆ: “ನಮ್ಮ ಮನಿದೂ ಇತ್ತೇನ್ರಿ ಇದರಾಗ? ಆಕೀದು?”

ಚೀಟಿ ಕಾಕಾ ಡಿಸ್ಕಿಗೆ ಮತ್ತೆ ಕಿವಿಟೋಪಿ ಸುತ್ತತೊಡಗಿದರು. ನನ್ನ ಹೆಂಡತಿಯನ್ನು ಅವರು ವೈನಿ, ಅಂದರೆ ಅತ್ತಿಗೆ, ಎಂದೇ ಕರೆಯುತ್ತಿದ್ದರು.

“ಇಲ್ರಿ. ವೈನಿ ಬಾಗಿಲಾ ತೆಗೆದ ದಿನ ಮಷೀನಿನ ಸೆಲ್ಲು ಹೋಗಿತ್ತು.”

ನನಗೆ ಎಷ್ಟು ನಿರಾಳವಾಯಿತೆಂದರೆ, ಅವರು ವಿಜಯಪುರದಿಂದ ತಂದಿದ್ದ ಶೇಂಗಾ ಉಂಡಿ ಎರಡು ಕೇಳಿ ತಿಂದೆ!

ಆಮೇಲೆ ಚೀಟಿ ಕಾಕಾ ಅದೇ ಬಾಗಿಲುಗಳಿಗೆ ಮತ್ತೆ ಹೊರಟರು. ಪ್ರಾಯಶ್ಚಿತ್ತವೆಂದು ನಾನು ಅವರ ಚೀಲ ಹಿಡಿದುಕೊಂಡು ಒಂದಷ್ಟು ದಿನ ಹಿಂದೆ ಹಿಂದೆ ತಿರುಗಿದೆ. ಕೋಥರೂಡದ ಮಾಸ್ತರರ ತಾಯಿ ತೀರಿಹೋಗಿದ್ದರು. ಬಟ್ಟೆ ಸಾವಕಾರರ ಬಾಗಿಲನ್ನು ಅವರ ಸೊಸೆ ತೆರೆದು “ಬೋಲಿಯೇ” ಎಂದು ಹಿಂದಿಯಲ್ಲಿ ಕೇಳಿದಳು. ಇನ್ನೊಂದು ಕಡೆ ವಾಡೆಯೇ ಇರಲಿಲ್ಲ. ಬಾಗಿಲಿದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಚೀಟಿ ಕಾಕಾ ಅಲ್ಲಿಯೂ ಮಷೀನು ಚಾಲೂ ಮಾಡಿ ಒಂದು ನಿಮಿಷ ನಿಂತರು. “ಏನು ರೆಕಾರ್ಡ್ ಮಾಡಿದ್ರಿ?” ಎಂದರೆ, “ಯಾರೂ ಕರೀಲಿಲ್ಲ ಅಂಬೋದೂ ಒಂದು ಬದಲಾವಣಿನ ಅಲ್ರಿ?” ಎಂದರು.

ಮೊಣಕಾಲು ಸೋತಾಗ ತಂಗಿ ಕರೆಸಿಕೊಂಡಳು. ಸ್ವಾರಗೇಟಿನ ಬಸ್ ಸ್ಟ್ಯಾಂಡಿಗೆ ನಾನೇ ಕಳಿಸಲು ಹೋದೆ. ಇಂದು ಹೇಳಿಬಿಡಬೇಕೆಂದು ರಿಕ್ಷಾದಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಸ್ಸು ಗುರುಗುಟ್ಟತೊಡಗಿತ್ತು. ಅವರು ಕಿಟಕಿಯಿಂದ ಬಗ್ಗಿ ಕೇಳಿದರು:

“ಏನೋ ಹೇಳಾಂವ್ರು ಇದ್ದಂಗದ ನೀವು?”

“ಏನಿಲ್ರಿ. ನೀರಿನ ಬಾಟ್ಲಿ ತಗೊಂಡೀರಿ, ಹೌದಲ್ಲೊ?”

“ತಗೊಂಡೀನ್ರಿ,” ಎಂದು ಬಾಟಲಿ ಎತ್ತಿ ತೋರಿಸಿದರು. ಬಸ್ಸು ಹೋಯಿತು.

ಮರುವರ್ಷ ಅಲ್ಲಿಯೇ ತೀರಿಕೊಂಡರು. ಕೆಲವು ದಿನಗಳ ಮೇಲೆ ತಂಗಿ ಅವರ ಲ್ಯಾಪ್‌ಟಾಪನ್ನು ನನ್ನ ಹೆಸರಿಗೆ ಕಳಿಸಿದಳು. ಅಣ್ಣ ಹಾಗೆ ಹೇಳಿದ್ದನಂತೆ. ನನಗೆ ಅದನ್ನು ತೆರೆಯಲು ಬರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಹಾಸನದ ಹುಡುಗಿ ಕೆಳಗೆ ಬಂದಳು. ಪಟ್ಟಿ ತೆರೆದಳು. ಬಾಗಿಲುಗಳ ಹೆಸರು ಒಂದೊಂದಾಗಿ ಮೇಲಕ್ಕೆ ಸರಿದವು. ನಡುವೆ ಒಂದು ಕಡೆ ಅವಳ ಬೆರಳು ನಿಂತಿತು.

“ಅಂಕಲ್, ‘ನೆಲಮಹಡಿ, ವೈನಿ’ ಅಂತ ಇದೆ.”

ಒತ್ತಿದಳು. ಮೂರು ಸಾಲು ಬಂದವು. ಮೊದಲೆರಡು ನನಗೆ ತಿಳಿಯುವಂಥದ್ದಲ್ಲ. ಮೂರನೆಯದು ಗಾತ್ರ, ಉದ್ದನೆಯ ಅಂಕಿ. ಹುಡುಗಿ ಅದನ್ನು ಎರಡು ಸಲ ಓದಿ, ಉಳಿದ ಬಾಗಿಲುಗಳ ಚೀಟಿಗಳನ್ನೂ ತೆರೆದು ನೋಡಿದಳು.

“ಬೇರೆ ಎಲ್ಲಾ ಒಂದು ನಿಮಿಷಕ್ಕಿಂತ ಕಮ್ಮಿ ಅಂಕಲ್. ಅವರು ಕುಗ್ಗಿಸ್ತಾ ಇರ್ಲಿಲ್ವಲ್ಲ, ಸೈಜ್ ನೋಡಿದ್ರೆ ಟೈಮ್ ಲೆಕ್ಕ ಹಾಕಬಹುದು. ಇದು ನಲವತ್ತು ನಿಮಿಷದ ಮೇಲಿದೆ.”

ನಲವತ್ತು ನಿಮಿಷ. ಬಾಗಿಲಲ್ಲಿ ನಿಂತು. ಕತ್ತರಿಸಿದ ಕಾರಣವನ್ನು ತಪ್ಪದೆ ಬರೆಯುತ್ತಿದ್ದ ಮನುಷ್ಯ ದಾಖಲೆಯಲ್ಲಿ ಇದರ ಮುಂದೆ ಬರೆದಿದ್ದರು: “ಕತ್ತರಿಸಿಲ್ಲ. ಕಾರಣ: ಇನ್ನೂ ಹೇಳುವವರಿದ್ದರು.”

ನನ್ನ ಹೆಂಡತಿ ನನ್ನೊಡನೆ ಒಂದೇ ಸಮನೆ ನಾಲ್ಕು ನಿಮಿಷ ಮಾತಾಡಿದ್ದು ನನಗೆ ನೆನಪಿಲ್ಲ. ಮಾತಾಡುವವಳಲ್ಲ ಎಂದುಕೊಂಡಿದ್ದೆ. ಆ ಹೊತ್ತಿನಲ್ಲಿ ನಾನೆಲ್ಲಿದ್ದೆ? ಕುರ್ಚಿ ಎಣಿಸುತ್ತಿದ್ದಿರಬೇಕು. ಅವಳು ಏನು ಹೇಳಿದಳು? ನನ್ನ ಮೇಲಿನ ದೂರೇ ಇದ್ದರೂ ಈಗ ಕೂತು ಪೂರ್ತಿ ಕೇಳುತ್ತಿದ್ದೆ. ಎಷ್ಟು ಮಾತಾಡಿದಳು ಎಂಬುದು ಸರಿಯಾಗಿ ಗೊತ್ತಿದೆ, ಏನು ಮಾತಾಡಿದಳು ಎಂಬುದು ಲೋಕದಲ್ಲಿ ಎಲ್ಲೂ ಇಲ್ಲ. ಸೆಲ್ಲು ಹೋಗಿತ್ತು ಎಂದ ಮನುಷ್ಯನಿಗೆ ಅಳಿಸಿದವನು ನಾನೆಂದು ಗೊತ್ತಿತ್ತೋ ಇಲ್ಲವೋ, ಅದೂ ನನಗೆ ಇನ್ನು ತಿಳಿಯುವುದಿಲ್ಲ.

“ತಂಗಿ, ಇದರಾಗ ಒಂದು ದಾಖಲೆ ಸೇರಸಾಕ ಬರ್ತದೇನು?” ಎಂದೆ.

“ಬರತ್ತೆ ಅಂಕಲ್. ಏನಂತ ಬರೀಲಿ?”

“ಡಿಸ್ಕು ಕೆಟ್ಟಿರಲಿಲ್ಲ. ನಾನೇ ಅಳಿಸಿದೆ. ಕೇಳಿದಾಗ ಇಲ್ಲ ಅಂದೆ. ಕ್ಷಮಿಸಬೇಕು.”

ಅವಳು ನನ್ನ ಕಡೆ ತಿರುಗಲಿಲ್ಲ. ಒಂದೊಂದೇ ಅಕ್ಷರ ಒತ್ತಿದಳು. ಬರೆದವರ ಹೆಸರಿನ ಜಾಗದಲ್ಲಿ ನನ್ನದನ್ನು ಹಾಕಿದಳು. ಆಮೇಲೆ ಮೆಲ್ಲಗೆ ಕೇಳಿದಳು:

“ಕ್ಷಮಿಸಬೇಕು ಅಂತ ಯಾರಿಗೆ ಅಂತ ಹಾಕ್ಲಿ ಅಂಕಲ್?”

ಇಷ್ಟು ದಿನ ಒಬ್ಬರಿಗೆ ಎಂದುಕೊಂಡಿದ್ದೆ. ಅವರ ಹೆಸರನ್ನು ಹೇಳಲೆಂದೇ ಬಾಯಿ ತೆರೆದೆ. ನಾಲಿಗೆಗೆ ಬಂದದ್ದು ಅವರದಲ್ಲ, ಅವಳದು. ನಲವತ್ತೊಂದು ವರ್ಷದ ಸಂಸಾರದಲ್ಲಿ “ಏ, ಇಲ್ಲಿ ನೋಡಿಲ್ಲಿ” ಎಂದೇ ಕರೆದವನು ನಾನು. ಒಂದು ಸಲವೂ ಹೆಸರು ಹಿಡಿದು ಕರೆದವನಲ್ಲ. ಮೊದಲ ಅಕ್ಷರ ಹೊರಬಂತು. ಮುಂದಿನದು ಬರಲಿಲ್ಲ.

ಹುಡುಗಿ ಕೀಲಿಗಳ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದಳು.